ಕಾಡಿನೊಳಗಿನ ಕೆರೆ, ಲಂಟಾನ, ನೀರಿನ ಪೈಪು: ಯಾವುದಕ್ಕೆ ಯಾರ ಒಪ್ಪಿಗೆ ಬೇಕು?

ಪ್ರಶ್ನೆ: ನಮ್ಮದು ತರೀಕೆರೆ ಕಡೆಯ ಹಳ್ಳಿ. ಊರಿಗೆ ಅಂಟಿಕೊಂಡೇ ರಿಸರ್ವ್ ಫಾರೆಸ್ಟ್ ಇದೆ. ಅದರೊಳಗೆ ಒಂದು ಹಳೇ ಕೆರೆ ಇದೆ. ಹೂಳು ತುಂಬಿ ಫೆಬ್ರವರಿಗೇ ಒಣಗಿಬಿಡುತ್ತದೆ. ಸುತ್ತ ಸುಮಾರು 40 ಎಕರೆ ಬರೀ ಲಂಟಾನ. ಹೂಳೆತ್ತಿಸಿ, ಲಂಟಾನ ಕೀಳಿಸಿ, ಕಾಡುಗಿಡ ನೆಡಿಸಬೇಕು ಅಂತಿದ್ದೇವೆ. ಮೇಲಿನ ಒರತೆಯಿಂದ ಊರಿಗೆ ಕುಡಿಯುವ ನೀರಿನ ಪೈಪ್ ಕೂಡ ಎಳೆಯಬೇಕು. ಬೆಂಗಳೂರಿನಲ್ಲಿರುವ ನಮ್ಮೂರಿನವರು ಸಂಘ ಮಾಡಿಕೊಂಡು ದುಡ್ಡು ಕೂಡಿಸಿದ್ದಾರೆ. ಜೆಸಿಬಿಯೂ ಗೊತ್ತಾಗಿದೆ. ಗೋಡುಮಣ್ಣನ್ನು ಅಡಿಕೆ ತೋಟಗಳಿಗೆ ಹಾಕಿಕೊಳ್ಳುತ್ತೇವೆ. ಅರ್ಜಿ ಕೊಟ್ಟರೆ ರೇಂಜರ್ ಸಾಹೇಬರು 'ಮೇಲಿಂದ ಆರ್ಡರ್ ಬೇಕು' ಅಂತಾರೆ. ಮೇಲೆ ಅಂದರೆ ಯಾರು? ಒಳ್ಳೆ ಕೆಲಸಕ್ಕೂ ಇಷ್ಟು ತೊಡಕು ಯಾಕೆ?
– ಗ್ರಾಮ ಅರಣ್ಯ ಸಮಿತಿಯ ಸದಸ್ಯರೊಬ್ಬರು

ಉತ್ತರ: ನಿಮ್ಮ ರೇಂಜರ್ ನುಣುಚಿಕೊಳ್ಳುತ್ತಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ನೀವು ಕೊಟ್ಟಿರುವ ಒಂದೇ ಅರ್ಜಿಯಲ್ಲಿ ಮೂರು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಹೂಳೆತ್ತುವುದು, ಲಂಟಾನ ತೆಗೆಯುವುದು, ಗಿಡ ನೆಡುವುದು ಕಾಡಿನ ನಿರ್ವಹಣೆ. ಪೈಪು ಊರಿನ ಅನುಕೂಲಕ್ಕೆ. ಗೋಡುಮಣ್ಣನ್ನು ತೋಟಕ್ಕೆ ಹೊಡೆಯುವುದು ಅರಣ್ಯ ಉತ್ಪನ್ನವನ್ನು ಹೊರಗೆ ಸಾಗಿಸುವುದು. ಕಾನೂನಿನಲ್ಲಿ ಈ ಮೂರಕ್ಕೂ ದಾರಿ ಬೇರೆ, ಸಹಿ ಹಾಕುವವರು ಬೇರೆ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದರೆ ಯಾವ ಅಧಿಕಾರಿಗೂ ಅದಕ್ಕೆ 'ಆಯ್ತು' ಅನ್ನಲು ಬರುವುದಿಲ್ಲ. ಅರ್ಜಿ ವಾಪಸ್ ತಗೊಳ್ಳಿ. ಮೂರು ಅರ್ಜಿ ಮಾಡಿ.

ಅದಕ್ಕೂ ಮೊದಲು ಜಾಗ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ಊರಿನವರು 'ರಿಸರ್ವ್' ಅನ್ನುವ ಜಾಗವೆಲ್ಲ ರಿಸರ್ವ್ ಆಗಿರುವುದಿಲ್ಲ. ಕರ್ನಾಟಕ ಅರಣ್ಯ ಕಾಯ್ದೆ 1963ರ 17ನೇ ಕಲಮಿನಲ್ಲಿ ಅಂತಿಮ ಅಧಿಸೂಚನೆ ಆಗಿದ್ದರೆ ಅದು ಮೀಸಲು ಅರಣ್ಯ. 4ನೇ ಕಲಮಿನ ಅಧಿಸೂಚನೆ ಮಾತ್ರ ಆಗಿ ಅಲ್ಲೇ ನಿಂತಿರುವ ಜಾಗಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ನಿಮ್ಮ ಕಡೆ ಹಳೇ ಮೈಸೂರು ಸಂಸ್ಥಾನ. ಹಾಗಾಗಿ 1900ರ ಮೈಸೂರು ಅರಣ್ಯ ರೆಗ್ಯುಲೇಷನ್ ಕಾಲದ ಅಧಿಸೂಚನೆಯೇ ಇನ್ನೂ ಮೂಲ ದಾಖಲೆ ಆಗಿರಬಹುದು. ಅದನ್ನು ತೆಗೆಸಿ ಓದಿ. ಗಡಿಯ ವಿವರದ ಜೊತೆಗೆ, ಯಾವ ಊರಿಗೆ ಗಾಡಿದಾರಿ, ಯಾವ ಕೆರೆಯ ನೀರು, ಎಲ್ಲಿ ದನ ಮೇಯಿಸುವ ಹಕ್ಕು ಅಂತ ಅಂಥ ದಾಖಲೆಗಳಲ್ಲಿ ಬರೆದಿರುವುದುಂಟು. ನಿಮ್ಮ ಕೆರೆಯ ಹೆಸರು ಅಲ್ಲಿ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಜೊತೆಗೆ ಪಹಣಿ ಮತ್ತು ಗ್ರಾಮ ನಕ್ಷೆ ನೋಡಿ. ಕಾಡಿನ ನಡುವೆ ಇದ್ದರೂ ಕೆಲವು ಕೆರೆಗಳಿಗೆ ಬೇರೆಯೇ ಸರ್ವೆ ನಂಬರ್ ಇದ್ದು, ದಾಖಲೆಯಲ್ಲಿ 'ಸರ್ಕಾರಿ ಕೆರೆ' ಅಂತ ಬರುತ್ತದೆ. ಹಾಗಿದ್ದರೆ ಕೆರೆ ಅರಣ್ಯ ಇಲಾಖೆಯದಲ್ಲ, ದಾರಿ ಮಾತ್ರ ಅವರದು. ಮೊಬೈಲಿನಲ್ಲಿ ದಿಶಾಂಕ್ ಆಪ್ ಹಾಕಿಕೊಂಡು ಏರಿ ಮೇಲೆ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಅದು ಅಂದಾಜಿಗೆ ಸಾಕು, ಅರ್ಜಿಗೆ ಸಾಲದು. ಅರ್ಜಿಗೆ ಸರ್ವೆ ಇಲಾಖೆಯ ನಕ್ಷೆಯೇ ಬೇಕು.

ತರೀಕೆರೆ ಅಂದಮೇಲೆ ಇನ್ನೊಂದು ಮಾತು. ಪಕ್ಕದಲ್ಲೇ ಭದ್ರಾ ಇದೆ. 1998ರಿಂದ ಅದು ಹುಲಿ ಮೀಸಲು ಪ್ರದೇಶ. ನಿಮ್ಮ ಕೆರೆ ಅಭಯಾರಣ್ಯದ ಗಡಿಯೊಳಗೆ ಬಿದ್ದರೆ ಆಟವೇ ಬೇರೆ. 1972ರ ವನ್ಯಜೀವಿ ಕಾಯ್ದೆಯ 29ನೇ ಕಲಮಿನ ಪ್ರಕಾರ, ವನ್ಯಜೀವಿಗಳ ಒಳಿತಿಗೆ ಬೇಕು ಅಂತ ಸರ್ಕಾರಕ್ಕೆ ಮನವರಿಕೆ ಆಗದೆ ಅಲ್ಲಿಂದ ಏನನ್ನೂ ತೆಗೆಯುವ ಹಾಗಿಲ್ಲ. ತೆಗೆದರೂ ಅದು ಸುತ್ತಲಿನ ಜನರ ಸ್ವಂತ ಬಳಕೆಗೆ ಆಗಬಹುದೇ ಹೊರತು ಮಾರಾಟಕ್ಕಲ್ಲ. ಅದರ ಮೇಲೆ 2000ದ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಇದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಒಣಗಿದ ಮರ, ಗಾಳಿಗೆ ಬಿದ್ದ ಮರ, ಹುಲ್ಲನ್ನು ಕೂಡ ಒಯ್ಯಬಾರದು ಅನ್ನುತ್ತದೆ ಅದು. ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ ನಿಮ್ಮ ಜಾಗ ಬರೀ ಮೀಸಲು ಅರಣ್ಯ, ಅಭಯಾರಣ್ಯ ಅಲ್ಲ ಅಂತ ಇಟ್ಟುಕೊಂಡು.

ಈಗ 'ಮೇಲೆ' ಅಂದರೆ ಯಾರು ಅನ್ನುವುದಕ್ಕೆ ಬರೋಣ.

ಪ್ರತಿ ಅರಣ್ಯ ವಿಭಾಗಕ್ಕೂ ಹತ್ತು ವರ್ಷಕ್ಕೊಂದು ವರ್ಕಿಂಗ್ ಪ್ಲಾನ್ ಇರುತ್ತದೆ. ಇಲಾಖೆಯವರೇ ಬರೆಯುತ್ತಾರೆ, ಒಪ್ಪಿಗೆ ಕೊಡುವುದು ಕೇಂದ್ರ ಪರಿಸರ ಸಚಿವಾಲಯ. ಹೇಗೆ ಬರೆಯಬೇಕು ಅನ್ನುವುದಕ್ಕೆ ರಾಷ್ಟ್ರೀಯ ಸಂಹಿತೆಯೂ ಇದೆ, ಈಗಿನದು 2023ರದ್ದು. ಯಾವ ಕಂಪಾರ್ಟ್‌ಮೆಂಟಿನಲ್ಲಿ (ನಂಬರ್ ಕೊಟ್ಟು ವಿಂಗಡಿಸಿದ ಕಾಡಿನ ಭಾಗ) ಏನು ಮರ, ಎಲ್ಲಿ ನೆಡಬೇಕು, ಎಲ್ಲಿ ಕಳೆ ತೆಗೆಯಬೇಕು, ಎಲ್ಲಿ ಬೆಂಕಿ ರೇಖೆ, ಎಲ್ಲಿ ನೀರಿನ ಹೊಂಡ, ಎಲ್ಲ ಅದರಲ್ಲಿರುತ್ತದೆ. ಇದಕ್ಕೆ ಇಷ್ಟು ತೂಕ ಬಂದಿದ್ದು 1996ರ ಡಿಸೆಂಬರ್ 12ರ ಗೋದಾವರ್ಮನ್ ಪ್ರಕರಣದ ಆದೇಶದಿಂದ. ಕೇಂದ್ರ ಒಪ್ಪಿದ ವರ್ಕಿಂಗ್ ಪ್ಲಾನ್ ಇಲ್ಲದೆ ಕಾಡಿನಲ್ಲಿ ಮರ ಕಡಿಯುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಅವತ್ತು ಹೇಳಿತು. ಆಮೇಲೆ ಆ ಪುಸ್ತಕದಲ್ಲಿ ಇಲ್ಲದ ಕೆಲಸಕ್ಕೆ ಕೈ ಹಾಕಲು ರೇಂಜರ್ ಇರಲಿ, ಇಡೀ ವಿಭಾಗದ ಮುಖ್ಯಸ್ಥರಾದ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕೂಡ ಹಿಂದೆಮುಂದೆ ನೋಡುತ್ತಾರೆ. ಪ್ಲಾನಿನಿಂದ ಆಚೀಚೆ ಹೋಗಬೇಕಾದರೆ ಕಾರಣ ಬರೆದು ಮೇಲಿನವರ ಒಪ್ಪಿಗೆ ಪಡೆಯಬೇಕು. ಯಾರಿಗೆ ಬೇಕು ಆ ರಗಳೆ?

ಹಾಗಾಗಿ ನನ್ನ ಮಾತು ಇಷ್ಟು. 'ನಮಗೆ ಹೂಳೆತ್ತಲು ಅನುಮತಿ ಕೊಡಿ' ಅಂತ ಕೇಳಲೇಬೇಡಿ. ಹಾಗೆ ಕೇಳಿದರೆ ನೀವು ಹೊರಗಿನವರು, ಕಾಡಿಗೆ ನುಗ್ಗಲು ಬಂದವರು. ಮೀಸಲು ಅರಣ್ಯದಲ್ಲಿ ನೆಲ ಅಗೆಯುವುದು, ಗಿಡ ಕಡಿಯುವುದು ಅರಣ್ಯ ಕಾಯ್ದೆಯ 24ನೇ ಕಲಮಿನಲ್ಲಿ ಅಪರಾಧ. ಅದಕ್ಕೆ ಅನುಮತಿ ಬರೆದುಕೊಡುವ ಧೈರ್ಯ ಯಾವ ಅಧಿಕಾರಿಗೂ ಇರುವುದಿಲ್ಲ. ಅದರ ಬದಲು 'ನಿಮ್ಮ ವರ್ಕಿಂಗ್ ಪ್ಲಾನಿನಲ್ಲಿ ಈ ಕಂಪಾರ್ಟ್‌ಮೆಂಟಿಗೆ ಮಣ್ಣು ಮತ್ತು ತೇವಾಂಶ ಸಂರಕ್ಷಣೆ ಅಂತ ಇದೆ. ಈ ಕೆರೆಯನ್ನು ಮುಂದಿನ ವರ್ಷದ ಎಪಿಓಗೆ (ವಾರ್ಷಿಕ ಕೆಲಸಗಳ ಯೋಜನೆಗೆ) ಸೇರಿಸಿಕೊಳ್ಳಿ, ಊರಿನವರು ಕೈಜೋಡಿಸುತ್ತೇವೆ' ಅಂತ ಬರೆಯಿರಿ. ಆಗ ಕೆಲಸ ಇಲಾಖೆಯದ್ದು, ನೀವು ಜೊತೆಗಾರರು. ಅದೇ ಗುದ್ದಲಿ, ಅದೇ ಮಣ್ಣು. ಕಾನೂನಿನ ಕಣ್ಣಿಗೆ ಮಾತ್ರ ಪೂರ್ತಿ ಬೇರೆ ಕೆಲಸ.

ಕೇಂದ್ರದ 1980ರ ಅರಣ್ಯ ಕಾಯ್ದೆಯೂ ಇದಕ್ಕೆ ಜಾಗ ಬಿಟ್ಟಿದೆ. 2023ರ ತಿದ್ದುಪಡಿಯಲ್ಲಿ ಅದರ ಹೆಸರು ವನ ಸಂರಕ್ಷಣ ಏವಂ ಸಂವರ್ಧನ ಅಧಿನಿಯಮ ಅಂತ ಬದಲಾಗಿದೆ. ಅರಣ್ಯೇತರ ಉದ್ದೇಶಕ್ಕೆ ಕಾಡಿನ ಜಾಗ ಬಳಸಲು ಕೇಂದ್ರದ ಅನುಮತಿ ಬೇಕು ಅನ್ನುವುದು ಅದರ ತಿರುಳು. ಆದರೆ ಬೆಂಕಿ ರೇಖೆ, ಬೇಲಿ, ನೀರಿನ ಹೊಂಡ, ಒಡ್ಡು, ಪೈಪ್‌ಲೈನ್ ಇಂಥವು ಕಾಡಿನ ಸಂರಕ್ಷಣೆಗೆ, ನಿರ್ವಹಣೆಗೆ ಅಂತ ಇದ್ದರೆ ಅರಣ್ಯೇತರ ಉದ್ದೇಶ ಆಗುವುದಿಲ್ಲ. ಪೈಪ್‌ಲೈನ್ ಅನ್ನುವುದನ್ನು ನೋಡಿ ಖುಷಿಪಡಬೇಡಿ! ಅದು ಕಾಡಿನ ಕೆಲಸದ ಪೈಪು. ಊರಿನ ನಲ್ಲಿಗೆ ಹೋಗುವ ಪೈಪಿಗೆ ಈ ವಿನಾಯಿತಿ ಇಲ್ಲ. ಇದನ್ನು ತಪ್ಪಾಗಿ ಓದಿಕೊಂಡು ಪೈಪ್ ಎಳೆದು ಕೇಸ್ ಹಾಕಿಸಿಕೊಂಡವರಿದ್ದಾರೆ.

ವರ್ಕಿಂಗ್ ಪ್ಲಾನ್ ಪ್ರತಿ ಡಿಸಿಎಫ್ ಕಚೇರಿಯಲ್ಲಿ ಇರುತ್ತದೆ. ಕೇಳಿದರೆ ತೋರಿಸುತ್ತಾರೆ. ತೋರಿಸದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಇಡೀ ಪುಸ್ತಕ ಕೇಳಬೇಡಿ. ನಿಮ್ಮ ಬ್ಲಾಕಿನ ಕಂಪಾರ್ಟ್‌ಮೆಂಟ್ ನಂಬರ್ ಹಾಕಿ, ಅದರ ವಿವರ ಮತ್ತು ಅಲ್ಲಿಗೆ ಸೂಚಿಸಿದ ಕೆಲಸಗಳ ಪುಟ ಮಾತ್ರ ಕೇಳಿ. ನಂಬರ್ ಗೊತ್ತಿಲ್ಲದಿದ್ದರೆ ನಿಮ್ಮ ಬೀಟಿನ ಗಾರ್ಡನ್ನು ಕೇಳಿ. ಕೆರೆ ಯಾವ ಕಂಪಾರ್ಟ್‌ಮೆಂಟಿನಲ್ಲಿದೆ ಅನ್ನುವುದು ಡಿವಿಷನ್ ಆಫೀಸಿನ ಎಷ್ಟೋ ಜನರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಕಾಲದ ಲೆಕ್ಕ ಮುಖ್ಯ. ಇಲಾಖೆಯ ವರ್ಷ ಏಪ್ರಿಲ್‌ಗೆ ಶುರು. ನೀವು ಮಾರ್ಚಿನಲ್ಲಿ ಓಡಾಡಿದರೆ ಏನೂ ಆಗುವುದಿಲ್ಲ. ಹಳೇ ವರ್ಷದ ದುಡ್ಡು ಮುಗಿದಿರುತ್ತದೆ, ಹೊಸ ವರ್ಷದ ಪಟ್ಟಿ ಕಟ್ಟಿಯಾಗಿರುತ್ತದೆ, ಮೇಲಾಗಿ ಎಲ್ಲರೂ ಬೆಂಕಿ ಆರಿಸಲು ಕಾಡಿನಲ್ಲಿರುತ್ತಾರೆ. ದಸರಾ, ದೀಪಾವಳಿ ಹೊತ್ತಿಗೆ ಸಮಿತಿಯ ನಿರ್ಣಯ ಆಗಿ, ಡಿಸೆಂಬರಿನೊಳಗೆ ರೇಂಜ್ ಆಫೀಸಿನಿಂದ ಎಸ್ಟಿಮೇಟ್ ಮೇಲೆ ಹೋಗಬೇಕು. ಎಸ್ಟಿಮೇಟ್ ಇಲಾಖೆಯ ದರಪಟ್ಟಿ ಪ್ರಕಾರವೇ ಇರಬೇಕು. ಜೆಸಿಬಿಯವನು ಗಂಟೆಗೆ ಎಷ್ಟು ಹೇಳಿದ ಅನ್ನುವುದು ಅಲ್ಲಿ ನಡೆಯುವುದಿಲ್ಲ.

ಲಂಟಾನ ವಿಷಯಕ್ಕೆ ಬಂದರೆ ಕಾಗದಕ್ಕಿಂತ ಕೆಲಸದ ಬಗ್ಗೆಯೇ ನನಗೆ ಜಾಸ್ತಿ ಹೇಳಬೇಕಿದೆ. 40 ಎಕರೆ ಅಂದರೆ 16 ಹೆಕ್ಟೇರ್. ಒಂದೇ ವರ್ಷದಲ್ಲಿ ಮುಗಿಸುತ್ತೇವೆ ಅನ್ನುವ ಪ್ರಸ್ತಾವ ಕಂಡರೆ ಅನುಭವಸ್ಥ ಅಧಿಕಾರಿ ಪಕ್ಕಕ್ಕಿಡುತ್ತಾರೆ, ಸರಿಯಾಗಿಯೇ ಮಾಡುತ್ತಾರೆ. ಎರಡು ಶತಮಾನದ ಹಿಂದೆ ತೋಟದ ಅಂದಕ್ಕೆ ಅಂತ ತಂದ ಗಿಡ ಇದು. ಕಡಿದರೆ ಬುಡದಿಂದ ಚಿಗುರುತ್ತದೆ. ಸುಟ್ಟರೂ ಚಿಗುರುತ್ತದೆ. ಜೆಸಿಬಿಯಲ್ಲಿ ಬುಡಸಮೇತ ಎಬ್ಬಿಸಿದರೆ ಮೇಲ್ಮಣ್ಣು ಮಗುಚಿ, ಒಳಗೆ ಬಿದ್ದಿದ್ದ ಬೀಜಕ್ಕೆಲ್ಲ ಬೆಳಕು ಸಿಗುತ್ತದೆ. ಮುಂದಿನ ಮಳೆಗೆ ಮೊದಲಿಗಿಂತ ಒತ್ತಾಗಿ ಬಂದಿರುತ್ತದೆ.

ಕೆಲಸಕ್ಕೆ ಬರುವ ವಿಧಾನ ಒಂದಿದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ರೂಪಿಸಿದ್ದು. ಕಾಂಡ ಮತ್ತು ಬೇರು ಸೇರುವ ಗಂಟು ಇದೆಯಲ್ಲ, ಚಿಗುರು ಬರುವುದು ಅಲ್ಲಿಂದ. ಪೊದೆ ಬಗ್ಗಿಸಿ, ನೆಲದಿಂದ ನಾಲ್ಕೈದು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಗುದ್ದಲಿಯಲ್ಲಿ ಕತ್ತರಿಸಬೇಕು. ಆಮೇಲೆ ಇಡೀ ಪೊದೆಯನ್ನು ಎತ್ತಿ ತಲೆಕೆಳಗು ಮಾಡಿ ಇಡಬೇಕು. ಬೇರಿಗೆ ಮಣ್ಣು ಸಿಗದೆ ಒಣಗುತ್ತದೆ. ನೆಲ ಅಲುಗುವುದು ಕಡಿಮೆ, ಮಷೀನ್ ಬೇಡ, ಜನಕ್ಕೆ ಕೂಲಿ ಸಿಗುತ್ತದೆ. ಹಣ್ಣಾಗುವ ಮುಂಚೆ ಮಾಡಬೇಕು, ಇಲ್ಲವಾದರೆ ಪಿಕಳಾರಗಳು ಹಣ್ಣು ತಿಂದು ಎಲ್ಲ ಕಡೆ ಬಿತ್ತುತ್ತವೆ. ಅದಕ್ಕೇ ಹಕ್ಕಿ ಕೂರುವ ದೊಡ್ಡ ಮರಗಳ ಕೆಳಗೆ ಮಳೆ ಬಿದ್ದ ಮೇಲೆ ಇನ್ನೊಂದು ಸಲ ಸಸಿ ಕೀಳಲೇಬೇಕು.

ನಾನು ಹೇಳುವುದು: ಮೊದಲ ವರ್ಷ ಕೆರೆಯ ನೀರು ಹರಿದು ಬರುವ ಕಡೆಯ ಎಂಟು-ಹತ್ತು ಎಕರೆ ಮಾತ್ರ ಹಿಡಿಯಿರಿ. ಎಸ್ಟಿಮೇಟಿನಲ್ಲಿ ಮುಂದಿನ ಎರಡು ವರ್ಷದ ಸಸಿ ಕೀಳುವ ಕೂಲಿಯನ್ನು ಈಗಲೇ ಬರೆಸಿ. ಇಲಾಖೆಯ ಎಷ್ಟೋ ಲಂಟಾನ ಕೆಲಸ ಹಾಳಾಗಿದ್ದು ಇಲ್ಲೇ. ಮೊದಲ ವರ್ಷಕ್ಕೆ ದುಡ್ಡು ಬಂತು, ಫೋಟೋ ಆಯಿತು, ಎರಡನೇ ವರ್ಷಕ್ಕೆ ಗ್ರಾಂಟ್ ಇಲ್ಲ. ತೆರೆದ ಜಾಗವನ್ನು ಸುಮ್ನೆ ಬಿಟ್ಟರೆ ಕಮ್ಯುನಿಸ್ಟ್ ಗಿಡ ಅನ್ನುವ ಇನ್ನೊಂದು ಕಳೆ ಬಂದು ಕೂರುತ್ತದೆ. ಆ ಜಾಗಕ್ಕೆ ಊರಿನ ಹುಲ್ಲಿನ ಬೀಜ ಚೆಲ್ಲಿ, ಬಿದಿರು, ನೇರಳೆ, ಮತ್ತಿ, ನೆಲ್ಲಿ ಹಾಕಿ. ಅದೂ ತೀರಾ ಒತ್ತಾಗಿ ಬೇಡ. ಲಂಟಾನದ ಅಡಿ ಈಗಾಗಲೇ ಉಸಿರು ಹಿಡಿದುಕೊಂಡಿರುವ ಕಾಡುಸಸಿಗಳು ಇರುತ್ತವೆ. ಮೊದಲು ಅವನ್ನು ಎಣಿಸಿ, ಗೂಟ ನೆಟ್ಟು ಗುರುತು ಮಾಡಿ. ಅವು ಸಾಕಷ್ಟಿದ್ದರೆ ನೆಡುವ ಖರ್ಚೇ ಇಲ್ಲ.

'ಬೇಸಿಗೆ ಶುರುವಲ್ಲಿ ಬೆಂಕಿ ಕೊಟ್ಟರೆ ಲಂಟಾನ ಬರ್ತಿರಲಿಲ್ಲ' ಅಂತ ಊರಿನ ಹಿರಿಯರು ಹೇಳಬಹುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಇದನ್ನೇ ಹೇಳುತ್ತಾರೆ. ಅವರ ತರಗು ಬೆಂಕಿ ನಿಂತ ಮೇಲೆಯೇ ಲಂಟಾನ ಕಾಡು ತುಂಬಿತು ಅಂತ. ಆ ಮಾತಿನಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತದೆ. ಆದರೆ ಅದು ತರಗೆಲೆ ಮಾತ್ರ ಉರಿಯುವ ಸಣ್ಣ ಬೆಂಕಿ. ಈಗ ಆಳೆತ್ತರ ನಿಂತಿರುವ ಲಂಟಾನಕ್ಕೆ ಬೆಂಕಿ ಬಿದ್ದರೆ ಮರದ ತುದಿ ಮುಟ್ಟುತ್ತದೆ. ಕಡ್ಡಿ ಗೀರಿದವರ ಮೇಲೆ ಕೇಸೂ ಬೀಳುತ್ತದೆ.

ಕೆರೆ ಮತ್ತು ಗೋಡಿನ ಕಥೆ ಹೀಗೆ. ಹೂಳೆತ್ತುವುದಕ್ಕೆ ಮೇಲೆ ಹೇಳಿದ ದಾರಿ ಸಾಕು. ಹೂಳು ಎಲ್ಲಿಗೆ ಹೋಗುತ್ತದೆ ಅನ್ನುವಲ್ಲಿ ಎಡವುತ್ತೀರಿ. ಅರಣ್ಯ ಕಾಯ್ದೆಯಲ್ಲಿ ಅರಣ್ಯ ಉತ್ಪನ್ನ ಅಂದರೆ ಮರ, ಜೇನು ಅಷ್ಟೇ ಅಲ್ಲ. ಕಾಡಿನ ಮೇಲ್ಮಣ್ಣು, ಕಲ್ಲು ಕೂಡ. ನಿಮ್ಮ ಟ್ರ್ಯಾಕ್ಟರ್ ಗೋಡು ತುಂಬಿಕೊಂಡು ಚೆಕ್‌ಪೋಸ್ಟ್ ದಾಟಿದರೆ ಕಲ್ಲು ಸಾಗಿಸಿದ ಹಾಗೆಯೇ ಲೆಕ್ಕ. ಟ್ರ್ಯಾಕ್ಟರ್ ಜಪ್ತಿಯಾದರೆ ಬಿಡಿಸಿಕೊಳ್ಳುವಷ್ಟರಲ್ಲಿ ಅಡಿಕೆ ಕೊಯ್ಲು ಮುಗಿದಿರುತ್ತದೆ. ಇನ್ನೊಂದು ಅಪಾಯವೂ ಇದೆ. ಗೋಡು ತೋಟಕ್ಕೆ ಅಂದ ತಕ್ಷಣ ಇಡೀ ಹೂಳೆತ್ತುವ ಕೆಲಸದ ಮೇಲೆ 'ಇದು ಕಾಡಿಗಾಗಿ ಅಲ್ಲ, ತೋಟಕ್ಕಾಗಿ' ಅನ್ನುವ ಅನುಮಾನ ಬರುತ್ತದೆ. ಹಾಗಾಗಿ ಮೊದಲ ಅರ್ಜಿಯಲ್ಲಿ ಗೋಡಿನ ಸುದ್ದಿಯೇ ಬೇಡ. ಹೂಳನ್ನು ಕೆರೆ ಏರಿಗೆ ಹಾಕಿ ಗಟ್ಟಿ ಮಾಡುವುದು, ಉಳಿದದ್ದನ್ನು ನೆಡುವ ಗುಂಡಿಗಳಿಗೆ ತುಂಬುವುದು ಅಂತ ಬರೆಯಿರಿ, ಹಾಗೇ ಮಾಡಿ. ನಿಜಕ್ಕೂ ಮಿಕ್ಕಿದರೆ ಆಗ ಡಿಸಿಎಫ್‌ಗೆ ಬೇರೆ ಪತ್ರ ಕೊಟ್ಟು, ಇಲಾಖೆಯ ದರ ಕಟ್ಟಿ, ಪಾಸ್ ತಗೊಂಡು ಸಾಗಿಸಬಹುದೇ ಅಂತ ಕೇಳಿ. ಕೊಡಲೇಬೇಕು ಅಂತೇನಿಲ್ಲ. ಕೊಡದಿದ್ದರೆ ಜಗಳಕ್ಕೆ ಹೋಗಬೇಡಿ.

ಹೂಳೆತ್ತುವಾಗ ಕಾಡಿನ ಕೆರೆ ಅನ್ನುವುದು ನೆನಪಿರಲಿ. ಊರಿನ ಕೆರೆ ತೋಡಿದ ಹಾಗೆ ನಾಲ್ಕೂ ಕಡೆ ಕಡಿದಾಗಿ ತೋಡಿದರೆ ಆನೆಮರಿ, ಕಾಟಿ ಇಳಿದರೆ ಹತ್ತಲಾಗುವುದಿಲ್ಲ. ನೀರು ಬರುವ ಕಡೆಯಿಂದ ಉದ್ದಕ್ಕೆ ಇಳಿಜಾರು ಬಿಡಬೇಕು. ಕೋಡಿಗೆ ಕೈ ಹಚ್ಚಬೇಡಿ. ಕೋಡಿ ಎತ್ತರಿಸಿದರೆ ಹೊಸದಾಗಿ ಮುಳುಗುವ ಜಾಗ ಬರುತ್ತದೆ, ಅದರಲ್ಲಿ ಮರಗಳಿದ್ದರೆ ಫೈಲ್ ಬೇರೆ ಕಡೆಗೇ ತಿರುಗುತ್ತದೆ. ಜೆಸಿಬಿ ಬೇಕೇ ಬೇಕಾದರೆ ಎಸ್ಟಿಮೇಟಿನಲ್ಲಿ ಹೆಸರು ಹಾಕಿಸಿ, ಹೋಗುವ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿ. 'ಇದ್ದ ಗಾಡಿದಾರಿಯಲ್ಲೇ' ಅಂತ ಬರೆದಿರಲಿ. ಹೊಸ ದಾರಿ ಬಿಡಿಸಿದರೆ ಅದೇ ಒಂದು ಅಪರಾಧ.

ಪೈಪಿಗೆ ಒಂದು ಚಂದದ ದಾರಿ ಇದೆ, ಜನ ಅದನ್ನು ಮರೆತಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು. ಶಾಲೆ, ಅಂಗನವಾಡಿ, ರಸ್ತೆ, ವಿದ್ಯುತ್ ತಂತಿ ಹೀಗೆ ಹದಿಮೂರು ಸೌಲಭ್ಯಗಳ ಪಟ್ಟಿ ಅದರಲ್ಲಿದೆ. ಕುಡಿಯುವ ನೀರು ಮತ್ತು ನೀರಿನ ಪೈಪು ಕೂಡ ಇದೆ. ಷರತ್ತು ಇಷ್ಟೇ. ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಹೋಗಬಾರದು, ಗ್ರಾಮಸಭೆ ಶಿಫಾರಸು ಮಾಡಬೇಕು. 600 ಮೀಟರ್ ಪೈಪಿಗೆ ಒಂದು ಮೀಟರ್ ಅಗಲದ ಚರಂಡಿ ಅಂದರೂ 0.06 ಹೆಕ್ಟೇರ್ ಆಯಿತು ಅಷ್ಟೇ. ಇದಕ್ಕೆ ದೆಹಲಿಗೂ ಹೋಗಬೇಕಿಲ್ಲ, ಕೇಂದ್ರದ ಅರಣ್ಯ ಅನುಮತಿಗೆ ಅರ್ಜಿ ಹಾಕುವ ಪರಿವೇಶ್ ಪೋರ್ಟಲಿನಲ್ಲಿ ಎರಡು ಹಂತದ ಅನುಮತಿಗೂ ಕಾಯಬೇಕಿಲ್ಲ. ನಮೂನೆ 'ಎ' ತುಂಬಿ ರೇಂಜರಿಗೆ ಕೊಟ್ಟರೆ ಎರಡು ವಾರದಲ್ಲಿ ಅವರು ಸ್ಥಳ ನೋಡಿ ವರದಿ ಕೊಡಬೇಕು. ನಾಲ್ಕು ವಾರದಲ್ಲಿ ಡಿಸಿಎಫ್ ತೀರ್ಮಾನ ಮಾಡಬೇಕು. ಅವರು ಒಪ್ಪದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತದೆ, ಅಲ್ಲಿ ಆದದ್ದೇ ಕೊನೆ. ಕೇಂದ್ರ ಬುಡಕಟ್ಟು ಸಚಿವಾಲಯ 2009ರಲ್ಲೇ ಕೊಟ್ಟ ವಿಧಾನ ಇದು.

ಎರಡು ಎಚ್ಚರಿಕೆ. ಇದು ಸರ್ಕಾರ ನಡೆಸುವ ಸೌಲಭ್ಯಕ್ಕೆ ಮಾತ್ರ. ಅರ್ಜಿ ನಿಮ್ಮ ಬೆಂಗಳೂರಿನ ಸಂಘದ ಹೆಸರಿನಲ್ಲಿ ಇರುವ ಹಾಗಿಲ್ಲ. ಗ್ರಾಮ ಪಂಚಾಯಿತಿಯೋ ಕುಡಿಯುವ ನೀರಿನ ಇಲಾಖೆಯೋ ಹಾಕಬೇಕು. ಇನ್ನು, ಗ್ರಾಮಸಭೆ ಅಂದರೆ ಪಂಚಾಯಿತಿ ಮಟ್ಟದ್ದಲ್ಲ, ನಿಮ್ಮ ಹಳ್ಳಿಯದ್ದು. ಅರ್ಧಕ್ಕರ್ಧ ಸದಸ್ಯರು ಕೂತಿರಬೇಕು. ಸಹಿ ಮನೆಮನೆಗೆ ಹೋಗಿ ಹಾಕಿಸಿದ್ದು ಅಂತ ಯಾರಾದರೂ ತಕರಾರು ತೆಗೆದರೆ ಫೈಲ್ ಅಲ್ಲೇ ಸತ್ತುಹೋಗುತ್ತದೆ. ಸಭೆಯ ಫೋಟೋ, ಹಾಜರಿ ಪುಸ್ತಕ ಇಟ್ಟುಕೊಳ್ಳಿ. ಜಾಗ ಅಭಯಾರಣ್ಯವಾಗಿದ್ದರೆ ಇದೂ ಸಾಲದು. ಆ ಕಲಮು ಅರಣ್ಯ ಸಂರಕ್ಷಣಾ ಕಾಯ್ದೆಯನ್ನಷ್ಟೇ ಬದಿಗಿಡುತ್ತದೆ, ವನ್ಯಜೀವಿ ಕಾಯ್ದೆಯನ್ನಲ್ಲ.

ಇದೇ ಕಾಯ್ದೆಯ 3(1)(ಐ) ಕಲಮಿನಲ್ಲಿ ಊರಿಗೆ ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕು, ಅಂದರೆ ಕಾಡನ್ನು ಊರೇ ಕಾಯುವ, ನಿರ್ವಹಿಸುವ ಹಕ್ಕು, ಸಿಕ್ಕಿದ್ದರೆ ನಾನು ಮೇಲೆ ಬರೆದಿದ್ದರಲ್ಲಿ ಮುಕ್ಕಾಲು ಪಾಲು ತಲೆಕೆಳಗಾಗುತ್ತದೆ. ಆಗ ನಿರ್ವಹಣಾ ಯೋಜನೆ ಬರೆಯುವುದು ಗ್ರಾಮಸಭೆಯ ಸಮಿತಿ. ಅದನ್ನು ಇಲಾಖೆಯ ವರ್ಕಿಂಗ್ ಪ್ಲಾನಿನ ಜೊತೆ ಹೊಂದಿಸುವಾಗ ಏನು ತಿದ್ದಬೇಕು ಅಂತ ಹೇಳುವುದೂ ಅದೇ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ, ಅದೂ ಹುಲಿ ಮೀಸಲಿನೊಳಗೆ, ಸಮುದಾಯ ಹಕ್ಕು ಸಿಕ್ಕಿತು. ನಿಮ್ಮೂರಿನಲ್ಲಿ ಪರಿಶಿಷ್ಟ ಪಂಗಡದವರು ಇದ್ದರೆ, ಅಥವಾ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನೇ ನಂಬಿ ಬದುಕಿದವರಿದ್ದರೆ ಅರ್ಜಿ ಹಾಕುವ ಅರ್ಹತೆ ಇದೆ. ಆದರೆ ಅದು ಲಂಟಾನ ಕೀಳುವಷ್ಟು ಬೇಗ ಆಗುವ ಕೆಲಸ ಅಲ್ಲ. ಇದಕ್ಕಾಗಿ ಅದನ್ನು ಕಾಯಬೇಡಿ, ಅದನ್ನು ಬೇರೆಯಾಗಿ ನಡೆಸಿ. ಒಂದು ವಿಷಯ ಗೊತ್ತಿರಲಿ: ನಿಮ್ಮ ಗ್ರಾಮ ಅರಣ್ಯ ಸಮಿತಿ ಇಲಾಖೆ ಕಟ್ಟಿದ್ದು. ಅದರ ಸದಸ್ಯ ಕಾರ್ಯದರ್ಶಿ ಇಲಾಖೆಯ ಉಪವಲಯ ಅರಣ್ಯಾಧಿಕಾರಿ. ಅರಣ್ಯ ಹಕ್ಕಿನ ಗ್ರಾಮಸಭೆಗೆ ಬಲ ಬರುವುದು ನೇರ ಕಾಯ್ದೆಯಿಂದ. ಎರಡನ್ನೂ ಕಲಸಿ ಒಂದೇ ನಿರ್ಣಯ ಪುಸ್ತಕದಲ್ಲಿ ಬರೆಯಬೇಡಿ.

ಗಿಡ ನೆಡುವ ಜಾಗದಲ್ಲಿ ಹಳೇ ಅಕೇಶಿಯಾ ಇದ್ದರೆ ಅದನ್ನು ಕಡಿದು ಕಾಡುಗಿಡ ಹಾಕುತ್ತೇವೆ ಅನ್ನುವ ಆಸೆ ಈಗಲೇ ಬೇಡ. ನೆಟ್ಟ ತೋಪಾದರೂ ವರ್ಕಿಂಗ್ ಪ್ಲಾನಿನಲ್ಲಿ ಕಟಾವಿನ ವರ್ಷ ಬರುವವರೆಗೆ ಕೊಡಲಿ ಇಡುವಂತಿಲ್ಲ.

ಕೊನೆಗೆ ಬೆಂಗಳೂರಿನ ದುಡ್ಡು. ಸಂಘದವರು ನೇರವಾಗಿ ಆಳು ಕಳಿಸಿ ಕೂಲಿ ಕೊಡುವ ಹಾಗಿಲ್ಲ. ಕಾಡಿನೊಳಗೆ ಯಾರಿಗಾದರೂ ಪೆಟ್ಟಾದರೆ ಜವಾಬ್ದಾರಿ ಯಾರದು ಅನ್ನುವುದೂ ಬರುತ್ತದೆ. ಸಮಿತಿಯ ಸೂಕ್ಷ್ಮ ಯೋಜನೆಯಲ್ಲಿ ಈ ಕೆಲಸ ಸೇರಿಸಿ, ಡಿಸಿಎಫ್ ಜೊತೆ ಒಡಂಬಡಿಕೆ ಮಾಡಿಕೊಂಡು, ಸಮಿತಿಯ ಬ್ಯಾಂಕ್ ಖಾತೆಗೆ ಹಾಕುವುದು ನೇರ ದಾರಿ. ಕೂಲಿ ಭಾಗಕ್ಕೆ ಉದ್ಯೋಗ ಖಾತ್ರಿಯಲ್ಲಿ ಪಂಚಾಯಿತಿ ಕ್ರಿಯಾ ಯೋಜನೆಗೆ ಸೇರಿಸಲು ಆಗುತ್ತದಾ ಅಂತ ಪಿಡಿಒ ಹತ್ತಿರ ಕೇಳಿ. ಅದು ಸಿಕ್ಕರೆ ಸಂಘದ ದುಡ್ಡನ್ನು ಎರಡನೇ, ಮೂರನೇ ವರ್ಷಕ್ಕೆ ಎತ್ತಿಡಿ. ಸರ್ಕಾರದ ಗ್ರಾಂಟ್ ಕೈಕೊಡುವುದು ಆಗಲೇ. ಜೆಸಿಬಿಗೆ ಅಡ್ವಾನ್ಸ್ ಕೊಟ್ಟಿದ್ದರೆ ಸದ್ಯಕ್ಕೆ ವಾಪಸ್ ಕೇಳಿ. ಡಿಸಿಎಫ್ ಸಹಿಯಾದ ಎಸ್ಟಿಮೇಟಿನ ಪ್ರತಿ, ಕೆಲಸ ಶುರುಮಾಡಲು ರೇಂಜ್ ಆಫೀಸಿನಿಂದ ಲಿಖಿತ ಸೂಚನೆ, ಇವೆರಡೂ ಕೈಗೆ ಬರುವ ತನಕ ಮಷೀನು ಕಾಡಿನ ಗಡಿ ದಾಟುವುದು ಬೇಡ. ರೇಂಜರ್ ಬಾಯಿಮಾತಿನಲ್ಲಿ 'ಮಾಡ್ಕೊಳ್ಳಿ' ಅಂದರೂ ಬೇಡ. ಅವರಿಗೆ ವರ್ಗ ಆಗಬಹುದು, ಮುಂದೆ ಬರುವವರಿಗೆ ಆ ಮಾತು ಗೊತ್ತಿರುವುದಿಲ್ಲ.